ಅರ

ಕುಂಬಳೆ ಠಾಣೆಯಲ್ಲಿ ಪೊಲೀಸ್ ಬರೆದುಕೊಂಡ:
ದೋಣಿಯ ಅರ ಒಡೆದಿದ್ದಾರೆ.
ರಕಾರ ಕೊಂಚ ಒತ್ತಿ ಹೇಳಿದರೆ
ಅವನ ಮಲಯಾಳದಲ್ಲಿ ಅದು ಗೂಡು, ಉಗ್ರಾಣ.
ಒತ್ತದಿದ್ದರೆ ನನ್ನ ಕನ್ನಡದಲ್ಲಿ
ಬೀಗ ಕೊಯ್ಯುವ ಹಲ್ಲಿನ ಕಬ್ಬಿಣ.
ಒಡೆದದ್ದನ್ನೂ ಒಡೆಯಲು ತಂದದ್ದನ್ನೂ
ಒಂದೇ ಮಾತಲ್ಲಿ ಮುಗಿಸಿ
ಸಹಿ ಹಾಕು ಅಂದ. ಹಾಕಿದೆ.

ಹೋದದ್ದು ಇಷ್ಟು:
ಒಂದು ಕ್ಯಾನು ಸೀಮೆಎಣ್ಣೆ, ಎರಡು ಸ್ಪಾರ್ಕ್ ಪ್ಲಗ್,
ನೈಲಾನ್ ಹಗ್ಗ ಮೂವತ್ತು ಮಾರು,
ಲೋಕು ಇದ್ದಾಗ ಮಂಗಳೂರಿನಿಂದ ತಂದ ಟಾರ್ಚು.
ಟಾರ್ಚು ನಾನು ಬರೆಸಲಿಲ್ಲ.
ಅದರಲ್ಲಿ ಶೆಲ್ಲೇ ಇರಲಿಲ್ಲ,
ಎರಡು ಮಳೆಗಾಲದಿಂದ.

ಆಮೇಲೆ ಅಂದುಂಞಿ ಬಂದ.
ಮುಚ್ಚಳದ ಕೀಲನ್ನು ಒಳಮೈಗೆ ತಿರುಗಿಸಿದ,
ಬೋಲ್ಟಿನ ತಲೆ ಉಜ್ಜಿ ಉಜ್ಜಿ ಸ್ಪ್ಯಾನರ್ ಜಾರುವಂತೆ ಮಾಡಿದ,
ಬೀಗಕ್ಕೆ ಸೈಕಲ್ ಟ್ಯೂಬಿನ ಕೊಡೆ ಹೊದಿಸಿದ.
"ಇನ್ನು ನೀನೇ ಒಳಗಿದ್ದರೂ ತೆರೆಯಲಿಕ್ಕಿಲ್ಲ"
ಅಂದು ನಕ್ಕ. ಎಲುಬಿಲ್ಲದ ನಾಲಿಗೆ.

ಕೀ ಒಂದೇ. ಅದನ್ನು ಜಲಜಕ್ಕನಿಗೆ ಕೊಟ್ಟೆ,
ದೋಣಿಯಲ್ಲಿ ಅರ್ಧ ಅವಳದು, ಲೋಕುವಿನ ಪಾಲು.
ಬುಟ್ಟಿಯ ಲೆಕ್ಕದ ಜತೆ
ಸೆರಗಿನ ತುದಿಗೆ ಕಟ್ಟಿಕೊಂಡಳು.

ನನಗೆ ಕಳ್ಳನ ಮುಖ ನೋಡಬೇಕಿತ್ತು.
ಅಮಾವಾಸ್ಯೆಯ ರಾತ್ರಿ ಬೀಗವನ್ನು ಬಾಯಿ ತೆರೆದು ನೇತುಹಾಕಿ
ಐಸಿನ ಗೂಡಿನೊಳಗೆ ಇಳಿದು ಮುಚ್ಚಳ ಎಳೆದುಕೊಂಡೆ.
ಬಂಗುಡೆಯ ಹಳೇ ವಾಸನೆ. ಬೆನ್ನಿಗೆ ಫೈಬರಿನ ಚಳಿ.
ನೀರು ಬಸಿಯುವ ತೂತಿನಿಂದ
ಕೋಯಿಪ್ಪಾಡಿಯ ಗಾಳಿ ದಾರದಷ್ಟು.
ಕೈಯಲ್ಲಿ ತೊಳೆಗೋಲಿನ ತುಂಡು. ಬೀಡಿ ಸೇದುವಂತಿಲ್ಲ.

ಹೊತ್ತು ಎಷ್ಟಾಯಿತೋ.
ಮರಳಲ್ಲಿ ಹೆಜ್ಜೆ.
ದೋಣಿ ಒಂದು ಬದಿಗೆ ಕೊಂಚ ವಾಲಿತು.
ನಾನು ಗೋಲು ಬಿಗಿಹಿಡಿದೆ.

ಟ್ಯೂಬಿನ ಕೊಡೆ ಸರಿದ ಸದ್ದು. ಟಕ್.

ಬೀಗ ಬಿದ್ದಿತ್ತು.

ಮತ್ತೆ ಜಲಜಕ್ಕನ ದನಿ, ತಲೆಯಿಂದ ಗೇಣು ಮೇಲೆ:
"ಇವರಿಗೆ ಎಂತದೂ ನೆನಪಿರುವುದಿಲ್ಲ ಮಾರಾಯ್ರೆ,
ಬೀಗ ಹಾಕಲಿಕ್ಕೂ ನಾನೇ ಬರಬೇಕು.
ನಿಮ್ಮ ಟಾರ್ಚೂ ಹೋಯಿತು.
ನಾಳೆ ಐಸು ಎರಡು ಬಾಕ್ಸ್ ಸಾಕು, ಅಲ್ಲವಾ?
ಮೀನು ಕಮ್ಮಿ ಈಗ."

ಮುಚ್ಚಳದ ಮೇಲೆ ಅಂಗೈ ಸವರುವ ಸದ್ದು.
ಅವಳು ಉತ್ತರಕ್ಕೆ ಕಾದಳು.
ನಿಜವಾಗಿ ಕಾದಳು.

ನನ್ನ ಬಾಯಲ್ಲಿ ಅಕ್ಕಾ ಎಂಬುದು ಬಂದು ಹಲ್ಲಿಗೆ ತಾಗಿತ್ತು.
ಶಿರಿಯ ಅಳಿವೆಯಲ್ಲಿ ಹೋದವನ ಗೂಡಿನಿಂದ
ಕತ್ತಲಲ್ಲಿ ಒಂದು ಗಂಡಸಿನ ದನಿ
ಹೌದು ಎಂದರೆ, ಅಲ್ಲ ಎಂದರೆ,
ಬರೀ ಕೆಮ್ಮಿದರೂ
ಆ ಹೆಂಗಸು ಮತ್ತೆ ಮನೆಗೆ ಹೋಗುವುದುಂಟೇ?

ನುಂಗಿದೆ.

ಎಷ್ಟೋ ಹೊತ್ತು ಕೂತಳು.
ಅಕ್ಕಿಯ ರೇಟು ಹೇಳಿದಳು, ಮಗಳ ಹಲ್ಲುನೋವು ಹೇಳಿದಳು,
ನನ್ನ ಬಗ್ಗೆಯೂ ಒಂದು ಮಾತು ಹೇಳಿದಳು.
ಅದನ್ನು ಇಲ್ಲಿ ಬರೆಯುವುದಿಲ್ಲ.

ಬೆಳಗ್ಗೆ ಸಿನಾನ್ ಬಂದ, ಅಂದುಂಞಿಯ ಮಗ.
ಒಳಗಿನಿಂದ ಬಡಿದೆ. ಹುಡುಗ ಮಸೀದಿಯ ತನಕ ಓಡಿದ.
ಅಪ್ಪನನ್ನು ಕರೆತಂದ.
"ಕೀ ತರಿಸಲಾ?"
"ಬೇಡ. ಅವಳಿಗೆ ಗೊತ್ತಾಗಬಾರದು. ಕೊಯ್ಯಿ."
"ಗ್ರೈಂಡರು?"
"ಸದ್ದು ಬೇಡ."

ಒಂದು ಗಂಟೆ ಉಜ್ಜಿದ,
ತಾನೇ ಮಾಡಿದ್ದಕ್ಕೆ ತಾನೇ ಬೈಯುತ್ತ.
ಅರದಿಂದ ಅರ ತೆರೆಯಿತು.
ಬೆಳಕು ಮುಖಕ್ಕೆ ಉಪ್ಪಿನಂತೆ ಬಿತ್ತು.

ಕಳ್ಳ ಬೀಗ ಕೊಯ್ದಿದ್ದಾನೆ ಅಂದೆ ಜಲಜಕ್ಕನಿಗೆ,
ಏನೂ ಹೋಗಲಿಲ್ಲ ಅಂದೆ.
ಅವಳು ಕೊಯ್ದ ಬೀಗವನ್ನು ತಿರುಗಿಸಿ ನೋಡಿ
"ಒಳಗೆ ಎಂತ ಇತ್ತು ಕೊಂಡುಹೋಗಲಿಕ್ಕೆ" ಅಂದಳು.

ಹೊಸ ಬೀಗ ತಂದೆವು. ಕೀ ಅವಳಲ್ಲೇ ಉಂಟು.
ಟಾರ್ಚು ಸಿಕ್ಕಿಲ್ಲ.
ಈಗ ಮುಚ್ಚಳದ ಒಳಬದಿಯಲ್ಲಿ ಒಂದು ಚಿಲಕ ಇದೆ,
ಎಳೆದರೆ ಬೀಗದ ಕೊಂಡಿಯೇ ಕಳಚುವ ಹಾಗೆ.
"ಬಂಗುಡೆ ತೆರೆದುಕೊಂಡು ಹೋಗಲಿಕ್ಕಾ?"
ಕೇಳುತ್ತಾನೆ ಅಂದುಂಞಿ ಪ್ರತಿಸಲ.

ನಾನು ಅದಕ್ಕೆ ವಾರಕ್ಕೊಮ್ಮೆ ಎಣ್ಣೆ ಬಿಡುತ್ತೇನೆ.