ಒಂದು ನೂಲು ಕಮ್ಮಿ

ಶುಕ್ರವಾರ ನಸುಕಿಗೇ ಗುಲ್‌ಜಮೀನನ ಪಿಕಪ್ಪು
ಸಿತ್ರಾ ಸೇತುವೆ ದಾಟುತ್ತದೆ.
ಹಿಂದೆ ಹಗ್ಗ, ಟಾರ್ಪಾಲು, ಮೊಳೆ ಕೀಳುವ ಸಲಾಕೆ,
ಮುಂದೆ ಒಂದು ಫ್ಲಾಸ್ಕು ಸುಲೈಮಾನಿ.
ಹೊಸ ಹಲಗೆ ಮುಟ್ಟದೆ ಹತ್ತು ವರ್ಷವಾಯಿತು ನಾನು,
ಸ್ವಂತಕ್ಕೆ ಅಂದರೆ.
ಕಂಪನಿಗೆ ಮುಟ್ಟುವುದೆಲ್ಲ ಹೊಸತೇ:
ಕಾಂಕ್ರೀಟು ಕುಡಿದು ಕುಡಿದು
ಐದಾರು ಸಲಕ್ಕೆ ಸಾಯುವ ಸೆಂಟ್ರಿಂಗ್ ಪ್ಲೈವುಡ್.

ಎಷ್ಟು ಬಗೆಯ ಮರ ಈ ಮರವಿಲ್ಲದ ಊರಲ್ಲಿ!
ಪ್ಯಾಲೆಟ್ಟಿನ ಪೈನು, ಎಲ್ಲಿಯದೋ ಹಿಮದ ಕಾಡಿನದು;
ಪಕ್ಕೆಯಲ್ಲಿ ಎಚ್‌ಟಿ ಎಂದು ಮುದ್ರೆಯಿದ್ದರೆ
ಬಿಸಿಗೆ ಬೆಂದದ್ದು, ಎತ್ತಿಕೋ.
ಎಂಬಿ ಎಂದಿದ್ದರೆ ವಿಷದ ಹೊಗೆ ಕುಡಿದದ್ದು,
ದೂರ ನಿಲ್ಲು, ಎಷ್ಟೇ ಚೆಲುವಿರಲಿ.
ಒಡೆದ ದೋಣಿಯ ಸಾಗುವಾನಿ,
ಸಂದಿಯಲ್ಲಿ ಇನ್ನೂ ಹತ್ತಿ, ಮೀನೆಣ್ಣೆಯ ಕಮಟು;
ಕೀಸಿದರೆ ಕೀಸುಳಿಯ ಬಾಯಿಗೆಲ್ಲ ಉಪ್ಪು.
ಮುಹರ್ರಕ್‌ನ ಹಳೆ ಮನೆಗಳ ಮಾಡು ಬಿಚ್ಚಿದಾಗ
ಚಂದಲ್ ಕಂಬ, ಆಫ್ರಿಕಾದ ಕೆಸರಲ್ಲಿ ಬೆಳೆದದ್ದು,
ನಮ್ಮ ಅಳಿವೆಯ ಕಾಂಡ್ಲದ ದಾಯಾದಿ.

ಅಬ್ದುನ್ನಬಿಯ ಗುಜರಿಯಲ್ಲಿ ಮೊದಲು ಬೆಲೆ ಕೇಳಬಾರದು.
ಚಾ ಕುಡಿಯಬೇಕು. ಅವನ ಮೊಣಕಾಲು ವಿಚಾರಿಸಬೇಕು.
ಬೇಕಾದ ಹಲಗೆಗೆ ಬೆನ್ನು ಹಾಕಿ
ಬೇಡದ್ದನ್ನು ಬೆರಳ ಗೆಣ್ಣಲ್ಲಿ ಬಡಿದು ನೋಡಬೇಕು.
‘ನಜ್ಜಾರ್,’ ಎನ್ನುತ್ತಾನೆ,
‘ನಿನ್ನ ಕೈ ಅಲ್ಲಿ, ಕಣ್ಣು ಇಲ್ಲಿ.’
ಎರಡು ದಿನಾರು ಎಂದದ್ದು ಒಂದೂಕಾಲಿಗೆ ಬರುವಷ್ಟರಲ್ಲಿ
ಗೋಡೆಯ ನೆರಳು ಬುಡಕ್ಕೆ ಬಂದಿರುತ್ತದೆ.

ಮೊನ್ನೆ ಸಿಕ್ಕಿದ್ದು ಆರು ದಾರಂದ. ಮೆರಂತಿ.
ಗುದೈಬಿಯಾ ಕಡೆ ಯಾವುದೋ ಕಟ್ಟಡ ಕೆಡವಿದರಂತೆ,
ಹದಿನೆಂಟೇ ವರ್ಷದ್ದು.
ನನ್ನ ವೀಸಾ ಅದಕ್ಕಿಂತ ಹಿರಿಯ.

ಕ್ಯಾಂಪಿನ ತಾರಸಿ ನನ್ನ ಕಾರ್ಖಾನೆ.
ಆಯಸ್ಕಾಂತ ಎಳೆದು ಅಡಗಿದ ಮೊಳೆ ಹುಡುಕಿ,
ಕಿತ್ತದ್ದನ್ನು ಕಲ್ಲ ಮೇಲೆ ಬಡಿದು ನೇರ ಮಾಡಿ
ಹಾಲುಪುಡಿಯ ಡಬ್ಬಕ್ಕೆ ಹಾಕಿ,
ಮೇಲಿನ ಅಡ್ಡಪಟ್ಟಿ ಬಿಡಿಸಿ
ಗೋಡೆ ಕಚ್ಚಿಕೊಂಡಿದ್ದ ಬೆನ್ನನ್ನು ತಿರುಗಿಸಿದೆ.

ಪೆನ್ಸಿಲಿನಲ್ಲಿ:
೨ ಅಡಿ ೯. ಒಂದು ನೂಲು ಕಮ್ಮಿ.

ಕನ್ನಡದ ಅಂಕಿ. ನೂಲು ಕೂಡ ಕನ್ನಡದ್ದೇ.
ಸಿಮೆಂಟಿನ ಕತ್ತಲಲ್ಲಿ ಹದಿನೆಂಟು ವರ್ಷ
ಯಾರೂ ಓದಿರಲಿಲ್ಲ.
ನಾನೇ ಬರೆದೆನೋ ಏನೋ ಎನಿಸಿತು ಮೊದಲು,
ಆಗೆಲ್ಲ ಎಷ್ಟು ದಾರಂದ ಕೂಡಿಸಿಲ್ಲ!
ತುಂಡು ಹಲಗೆಯ ಮೇಲೆ ಬರೆದು ಪಕ್ಕ ಹಿಡಿದೆ:
ನನ್ನ ೯ರ ಬಾಲ ಕುಳ್ಳು.
ಅವನದು ಪಟ್ಟಿಯ ಅಂಚಿನ ತನಕ ಓಡುತ್ತದೆ,
ಊಟದ ಗಂಟೆ ಕೇಳಿದವನ ಹಾಗೆ.

ಗುಲ್‌ಜಮೀನ ಬಗ್ಗಿ ನೋಡಿದ.
‘ಏನು, ದುಆ ಬರೆದಿದೆಯಾ?’
‘ಇಲ್ಲ. ತಪ್ಪೊಪ್ಪಿಕೊಂಡಿದ್ದಾನೆ.’

ಟೇಪು ಹಿಡಿದೆ. ಎರಡಡಿ ಒಂಬತ್ತು,
ಹೌದು, ಒಂದು ನೂಲು ಕಮ್ಮಿಯೇ.
ಗಾರೆ ಮೆತ್ತಿ ಮುಚ್ಚಿಬಿಡುವ ಜಾಗ,
ಫೋರ್‌ಮನ್ನನ ಕಣ್ಣೂ ಹೋಗದ ಜಾಗ,
ಅಲ್ಲಿ ಯಾರು ಬರೆದಿಡುತ್ತಾರೆ ಹೇಳಿ ಹೀಗೆ?

ಬೆಂಚು ಮಾಡಿದೆ, ಕೋಲ್ಡ್ ಸ್ಟೋರಿನ ಎದುರಿಗೆ,
ನಾಲ್ಕು ಗಂಟೆಯ ಬಸ್ಸಿಗೆ ಕಾಯುವವರಿಗೆ.
ಮೇಲ್ಮೈ ಕೀಸಿದಾಗ ಕೆಂಪು ಎದ್ದು ಬಂತು,
ಆಗಷ್ಟೇ ಮಿಂದು ಬಂದವರ ಮುಖದಂತೆ.
ಬರೆದ ಬದಿಗೆ ಮಾತ್ರ ಕೀಸುಳಿ ಸೋಕಿಸದೆ
ಕೆಳಮುಖ ಮಾಡಿ ಕೂರಿಸಿದೆ.

ಒಂದು ಕಾಲು ತುಸು ಆಡುತ್ತದೆ.
ಮಲ್ಲೇಶಂ ಕೂತ, ಅಲ್ಲಾಡಿಸಿದ, ನಕ್ಕ,
ಸಿಗರೇಟು ಪ್ಯಾಕಿನ ರಟ್ಟು ಮಡಿಸಿ ಅಡಿಗೆ ಕೊಟ್ಟ.
ಆಯಿತು ಬಿಡು, ನಿಂತಿತಲ್ಲ, ಎಂದ.

ಅವರೆಲ್ಲ ಬಸ್ಸು ಹತ್ತಿ ಹೋದ ಮೇಲೆ
ಅಂಗಾತ ಮಲಗಿ ಬೆಂಚಿನಡಿ ತೂರಿಕೊಂಡೆ.
ಪೆನ್ಸಿಲಿನ ಮೊನೆ ನೆಕ್ಕಿ
ಅವನ ಸಾಲಿನ ಕೆಳಗೆ ಬರೆದೆ:
ಇದೂ.