ಏಳನೇ ನಂಬರಿನ ಹಿತ್ತಲು

ಹಗಲೆಲ್ಲ ಹಳಿಗೆ ಜಲ್ಲಿ ತುಂಬುವ ಕೆಲಸ ನನ್ನದು.
ಸಂಜೆ ಮನೆಗೆ ಬಂದು
ಮಣ್ಣಿನಿಂದ ಜಲ್ಲಿ ಆರಿಸುತ್ತೇನೆ.
ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸು, ಏಳನೇ ನಂಬರು.
ಹಿತ್ತಲೆಂದರೆ ಎರಡು ಚಾಪೆಯಗಲ,
ಬಚ್ಚಲ ನೀರು ಬೀಳುವಲ್ಲಿ ಮಾತ್ರ ಒಂದಿಷ್ಟು ಕೆಸುವು.

ಯುಗಾದಿಯ ಮಾರನೆ ದಿನ, ಹೊಸತೊಡಕು,
ಬೀದಿಯೆಲ್ಲ ಮಸಾಲೆ ಅರೆಯುತ್ತಿರುವಾಗ
ಹಾರೆ ಹಿಡಿದೆ.
ಮೊದಲ ಪೆಟ್ಟಿಗೆ ಠಣ್ ಎಂದಿತು ನೆಲ.
ಎರಡನೆಯದಕ್ಕೂ.
ಮೊಳದುದ್ದ ಇಳಿಯುವಷ್ಟರಲ್ಲಿ ಸಿಕ್ಕಿದ್ದು
ಉಗಿಬಂಡಿ ಕಾಲದ ಕಿಟ್ಟ ಮೂರು ಬುಟ್ಟಿ,
ತುಕ್ಕು ತಿಂದ ಮೊಳೆ, ಪಿಂಗಾಣಿ ಕಪ್ಪಿನ ಕಿವಿ,
ಯಾವ ಮಗು ಕಳೆದುಕೊಂಡು ಅತ್ತಿತ್ತೋ, ಒಂದು ಹಸಿರು ಗೋಲಿ.
ಎರೆಹುಳು ಒಂದೂ ಇಲ್ಲ.
"ಇದು ನೆಲ ಅಲ್ಲ ಕಣೇ, ಪ್ಲಾಟ್‌ಫಾರಂ"
ಗೋಡೆಯಾಚೆಯಿಂದ ಅಂದಳು ಜಬೀನಾ.
ಅಂದವಳೇ ಆಡಿನ ಹಿಕ್ಕೆ ಒಂದು ಚೀಲ ಈಚೆ ದಾಟಿಸಿದಳು.

ಸಂತೆಯ ಬೀಜದ ಮುದುಕ
ಎಣಿಸಿ ಎಣಿಸಿ ಕೊಟ್ಟ: ಬೆಂಡೆ, ಹೀರೆ, ಚಿಟಿಕೆ ಕೀರೆ.
"ಅಶ್ವಿನಿ ಹುಟ್ಟಲಿ, ಆಮೇಲೆ ಹಾಕವ್ವ" ಎಂದ.
ನನಗೆಲ್ಲಿಯ ತಾಳ್ಮೆ? ಟೈಮಿಗೆ ಬಾರದ್ದನ್ನು
ಕಾದು ಕಾದು ಸವೆದವಳು.
ಅಂದೇ ಹಾಕಿದೆ.
ಕೀರೆಬೀಜವನ್ನು ಇರುವೆಗಳು ಹೊತ್ತು ನಡೆದವು
ನಮ್ಮ ಗ್ಯಾಂಗಿನ ಹಾಗೇ, ಒಂದರ ಹಿಂದೊಂದು.
ಮೇಸ್ತ್ರಿ ಮಾತ್ರ ಇರಲಿಲ್ಲ.
ಹೀರೆ ಎರಡೆಲೆ ಬಿಚ್ಚಿದ ರಾತ್ರಿಯೇ ಹೆಗ್ಗಣ ಬಂತು.
ಉಳಿದದ್ದು ಬೆಂಡೆ. ನಾಲ್ಕು.

ಈ ತಿಂಗಳಲ್ಲಿ ಹಳಿ ಕಾದು ಹಿಗ್ಗುತ್ತದೆ.
ಜಲ್ಲಿಯ ನಡುವೆ ಹಸಿರು ಕಂಡರೆ ಕೀಳಬೇಕು, ಅದು ರೂಲು.
ನೀರು ನಿಲ್ಲಬಾರದು, ಬೇರು ನಿಲ್ಲಬಾರದು,
ನಿಂತರೆ ಹಳಿ ಕುಸಿಯುತ್ತದೆ.
ಅವರ ಜಾಗಕ್ಕೆ ಬಂದು ಒಂಬತ್ತು ವರ್ಷ ಕಿತ್ತಿದ್ದೇನೆ,
ಕಣ್ಣಿಗಿಂತ ಮುಂಚೆ ಕೈ ಹೋಗುತ್ತದೆ.

ಬಾಣಾವರದ ಕಡೆಯ ತಿರುವಿನಲ್ಲಿ ಆ ದಿನ
ಎರಡು ಸ್ಲೀಪರಿನ ನಡುವೆ ಟೊಮೇಟೊ ಗಿಡ.
ಗೇಣುದ್ದ. ಆರು ಹೂವು.
ಯಾರು ಕಚ್ಚಿ ಕಿಟಕಿಯಿಂದೆಸೆದ ಹಣ್ಣೋ,
ಹುಬ್ಬಳ್ಳಿಯದೋ, ಶಿವಮೊಗ್ಗಕ್ಕೆ ಹೊರಟದ್ದೋ.
ಬೀಜ ಬಿದ್ದದ್ದು ಹೇಗೆಂದು ಪುಟ್ಟಲಿಂಗಮ್ಮ ಹೇಳಿದ್ದನ್ನು
ಇಲ್ಲಿ ಬರೆಯುವಂತಿಲ್ಲ; ಬಿದ್ದು ಬಿದ್ದು ನಕ್ಕೆವು.
ಮೇಟ್ ಯಲ್ಲೋಜಿ ಸೀಟಿ ಊದಿದ.
ರೂಲಿನ ಪ್ರಕಾರ ಕಿತ್ತೆ,
ಬೇರಿಗಂಟಿದ ಎಣ್ಣೆಮಣ್ಣಿನ ಸಮೇತ.
ಮುದ್ದೆಯ ಡಬ್ಬಿಯಲ್ಲಿ ನಿಲ್ಲಿಸಿ
ಕುಡಿಯುವ ನೀರಿನಲ್ಲಿ ಎರಡು ಗುಟುಕು ಅದಕ್ಕೂ ಹನಿಸಿದೆ.
ಗಾಡಿ ಹಾಯುವಾಗ ಕಿತ್ತಳೆ ಕೋಟಿನೊಳಗೆ ಹಿಡಿದಿದ್ದೆ,
ಗಾಳಿಗಲ್ಲ, ಯಲ್ಲೋಜಿಯ ಕಣ್ಣಿಗೆ.

ಹಿತ್ತಲಿಗೆ ಬಂದದ್ದೇ ಹೂವೆಲ್ಲ ಉದುರಿಸಿತು.
ಮೂರು ದಿನ ಸತ್ತಂತೆ ಮಲಗಿತು.
ಮಣ್ಣು ಮೆತ್ತಗಾದದ್ದಕ್ಕೋ,
ತಲೆಯ ಮೇಲೆ ಗಾಡಿ ಹಾಯದ್ದಕ್ಕೋ?
ಮಗಳು ಮೋನಿಷಾ ಪಕ್ಕದಲ್ಲಿ ಕೂತು
ತಟ್ಟೆ ಬಡಿದು ಗೂಡ್ಸಿನ ಸದ್ದು ಮಾಡಿ ನೋಡಿದಳು.
ನಾಲ್ಕನೆಯ ಸಂಜೆ ಮಾಲೇಕಲ್ಲು ಬೆಟ್ಟದ ನೆತ್ತಿ ಕಪ್ಪಾಗಿ
ಅಶ್ವಿನಿ ಹತ್ತೇ ನಿಮಿಷ ಹುಯ್ದು ಹೋಯಿತು.
ಬೆಳಿಗ್ಗೆ ಓಡಿ ಹೋಗಿ ನೋಡಿದರೆ ಗಿಡ ಎದ್ದಿಲ್ಲ.
ಬಗ್ಗಿ ನೋಡಿದರೆ ಎಲೆಯ ಕಂಕುಳಲ್ಲಿ
ಅಕ್ಕಿನುಚ್ಚಿನಷ್ಟು ಏನೋ ಒಂದು.

ಆರಿಸಿದ ಜಲ್ಲಿ ಮೂಲೆಯಲ್ಲಿ ಮೊಣಕಾಲೆತ್ತರ.
"ಸರ್ಕಾರದ್ದಲ್ಲವೇನವ್ವ ಅದು?" ಯಲ್ಲೋಜಿ ಕೇಳಿದ.
ಹೌದೆಂದೆ. ಈಗ ದಿನಾ ಉಂಡ ಡಬ್ಬಿಯ ಪಕ್ಕ ಇನ್ನೊಂದು ಡಬ್ಬಿ,
ಹೋಗುವಾಗ ಅದರಲ್ಲಿ ಕಲ್ಲು,
ಬರುವಾಗ ಕೆರೆಯೇರಿಯ ಕೆಳಗಿನ ಕರಿಮಣ್ಣು.
ಮೋನಿಷಾ ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದ್ದಾಳೆ:
ಈ ದರದಲ್ಲಿ ಹಿತ್ತಲು ಹಿತ್ತಲಾಗಲು ಆರು ವರ್ಷ, ಭಾನುವಾರ ರಜೆ.
ಬೆಂಡೆಗೆ ಯಾರೂ ಇದನ್ನು ಹೇಳಿಲ್ಲ.
ನಿನ್ನೆ ಹೂ ಬಿಟ್ಟಿದೆ, ಹಳದಿ,
ನಡುವೆ ಒಂದು ಬೊಟ್ಟು ಕಡುಗೆಂಪು.