ಬಲ್ಬಿನ ಕೆಳಗೆ

ಹಾಸನದ ಪೆನ್ಷನ್ ಮೊಹಲ್ಲಾ, ನಮ್ಮ ಮನೆ:
ಇಗುವಾನಾಗೆ ಒಂದು ಬಲ್ಬು, ನಮಗೆಲ್ಲ ಒಂದು.

ತಮ್ಮ ಇಮ್ದಾದ್ ತಂದಾಗ ಗೇಣುದ್ದ, ಕೊತ್ತಂಬರಿ ಹಸಿರು.
ಈಗ ಬಾಲವೇ ಎರಡು ಮೊಳ.
ಅಳತೆ ತಪ್ಪಲ್ಲ, ಟೇಪು ನನ್ನ ಕೊರಳಲ್ಲೇ ಇರುತ್ತೆ.

ಬೊಗಳಲ್ಲ. ಕೂದಲುದುರಿಸಲ್ಲ.
ಕರೆದರೆ ತಿರುಗಿಯೂ ನೋಡಲ್ಲ.
ಹುಷಾರಿಲ್ಲ ಅಂತ ಹೊತ್ತುಕೊಂಡು ಹೋದರೆ
ದನದ ಡಾಕ್ಟರು ಮೊದಲು ಫೋನಿನಲ್ಲಿ
ಅದರ ಚಿತ್ರ ಹುಡುಕುತ್ತಾರೆ.
ಕರೆಂಟು ಬಿಲ್ಲು ನನ್ನದು, ಫೋಟೋ ಇಮ್ದಾದನದು.

ಮೊನ್ನೆ ರಾತ್ರಿ ಕರೆಂಟು ಹೋಯ್ತು. ಡಿಸೆಂಬರು.
ಮುಟ್ಟಿದರೆ ಹೊಳೆಗಲ್ಲು.
ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬಿ
ಶುಕ್ರವಾರದ ಮದುಮಗನ ಶೇರ್ವಾನಿ ಬಿಸಿ ಮಾಡಿ
ಸುತ್ತಿದೆ, ಬೈಯುತ್ತಲೇ.
ಉಗುರಿಗೆ ಜರಿ ಸಿಕ್ಕಿತು; ಬಿಡಿಸಿದೆ.

ಬೆಳಗಿನ ಜಾವ ಕರೆಂಟು ಬಂತು.
ಒಂದು ಕಣ್ಣು ತೆರೆಯಿತು,
ನನ್ನನ್ನಲ್ಲ,
ಬಲ್ಬನ್ನು ನೋಡಿತು.